ಸ್ಟೀರಿಂಗ್ ಇಲ್ಲದ ಕಡೆ

ಮುಂದಿನ ಬಲಗಡೆಯ ಕಿಟಕಿಯ ಗಾಜಿನ ಮೇಲೆ, ಸರಿಯಾಗಿ ನನ್ನ ಹಣೆಯ ಎತ್ತರಕ್ಕೆ, ನಾಲ್ಕಾಣೆಯಷ್ಟು ಅಗಲದ ಒಂದು ಮಬ್ಬು ಕಲೆ ಇತ್ತು. ನಡುವೆ ತುಸು ಕೆಂಪು. ಶುಕ್ರವಾರ ವ್ಯಾನಿಗೆ ಪೂಜೆ ಮಾಡುವಾಗ ಅಮ್ಮ ಅದನ್ನು ಒರೆಸುತ್ತಿದ್ದಳು. ಶನಿವಾರ ಸಂಜೆಗೆ ಅದು ಮತ್ತೆ ಅಲ್ಲೇ ಇರುತ್ತಿತ್ತು. ದೇವರ ಪಟದಿಂದ ವಿಭೂತಿ ಉದುರುವ ಮನೆಗಳ ಬಗ್ಗೆ ಕೇಳಿದ್ದೇನೆ. ನಮ್ಮದು ಅಂಥ ಪವಾಡವಲ್ಲ. ಅದು ನನ್ನ ಹಣೆ, ನನ್ನ ಕುಂಕುಮ. ಆ ಗಾಜಿಗೆ ಹಣೆಯೊತ್ತಿ ಎದುರಿನ ರಸ್ತೆ ನೋಡುವುದು ಆಗ ನನ್ನ ಉದ್ಯೋಗವಾಗಿತ್ತು.

ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮುಗಿಸಿ ಊಟಿಗೆ ಮರಳಿದವಳಿಗೆ ಇದೆಂಥ ಉದ್ಯೋಗ ಎನ್ನಬೇಡಿ. ಅಪ್ಪನಿಗೆ ಊಟಿ ಮಾರ್ಕೆಟ್ಟಿನಲ್ಲಿ ತರಕಾರಿ ವ್ಯಾಪಾರ. ತಾತನ ಕಾಲದಲ್ಲಿ ಮೈಸೂರಿನ ಕಡೆಯಿಂದ ಬೆಟ್ಟ ಹತ್ತಿದವರು ನಾವು. ನಾನು ಮನೆಗೆ ಬಂದ ವರ್ಷವೇ ಅಪ್ಪ ಗೂಡಲೂರಿನಲ್ಲಿ, ದುಬೈಯಿಂದ ಸಾಮಾನು ಸರಂಜಾಮಿನೊಂದಿಗೆ ಹಿಂತಿರುಗಿದ್ದ ಒಬ್ಬರಿಂದ ಎಂಟು ಸೀಟಿನ ಜಪಾನಿ ವ್ಯಾನೊಂದನ್ನು ಕೊಂಡ. ಕ್ಯಾರೆಟ್ ಮೂಟೆಗೂ ಆಯಿತು, ಮನೆಮಂದಿಗೂ ಆಯಿತು ಎಂಬುದು ಅವನ ಲೆಕ್ಕ. ಮನೆಮಂದಿ ಎಂದರೆ ನಾವು ಮೂವರೇ.

ಮರುಭೂಮಿಗೆಂದು ತಯಾರಾದ ವಾಹನ ನೀಲಗಿರಿಗೆ ಬಂದರೆ ಏನಾದೀತೆಂದು ಯಾರೂ ಯೋಚಿಸಿರಲಿಲ್ಲ. ಅದರಲ್ಲಿ ಮುಂದೊಂದು, ಹಿಂದೊಂದು ಏಸಿ. ಬಿಸಿಗಾಳಿಯ ಗುಂಡಿ ಮಾತ್ರ ಇಲ್ಲ. ಡಿಸೆಂಬರಿನಲ್ಲಿ ಹುಲ್ಲಿನ ಮೇಲೆ ಮಂಜು ಉಪ್ಪಿನಂತೆ ಬಿಳಿಚಿಕೊಂಡು ಕೂತಿರುವ ಬೆಳಗ್ಗೆ, ಕೊಂಡದ್ದು ಸಾರ್ಥಕವಾಗಲೆಂದು ಅಪ್ಪ ಸ್ವಲ್ಪ ಹೊತ್ತು ಏಸಿ ಹಾಕುತ್ತಿದ್ದ. ನಾವು ಕಂಬಳಿಯೊಳಗಿನಿಂದಲೇ ಅದನ್ನು ಮೆಚ್ಚುತ್ತಿದ್ದೆವು. ಮರಳುಗಾಡಿನಲ್ಲಿ ದಾರಿ ತಪ್ಪದಿರಲೆಂದು ಯಾರೋ ಅಂಟಿಸಿದ್ದ ದಿಕ್ಸೂಚಿಯೊಂದು ಡ್ಯಾಶ್‌ಬೋರ್ಡಿನ ಮೇಲಿತ್ತು. ಪಾಪ, ಅದು ಕಲ್ಲಟ್ಟಿ ಘಾಟಿಯ ತಿರುವುಗಳಲ್ಲಿ ತಲೆಸುತ್ತು ಬಂದು, ಮಸಿನಗುಡಿ ತಲುಪುವಷ್ಟರಲ್ಲಿ ಉತ್ತರ ದಿಕ್ಕಿನ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುತ್ತಿತ್ತು.

ಇದೆಲ್ಲ ಸಹಿಸಬಹುದಾದದ್ದು. ತೊಂದರೆಯೆಂದರೆ ಅದರ ಸ್ಟೀರಿಂಗು ಎಡಗಡೆಗಿತ್ತು. ನಮ್ಮ ರಸ್ತೆಯಲ್ಲಿ ಎಡಕ್ಕೆ ಕೂತು ಓಡಿಸುವವನಿಗೆ ಟೀ ತೋಟ, ಚರಂಡಿ, ದಾರಿಬದಿಯ ಕೋತಿಗಳ ಕುಟುಂಬ ಎಲ್ಲವೂ ಚೆನ್ನಾಗಿ ಕಾಣುತ್ತವೆ. ಮುಂದಿನ ಲಾರಿಯ ಆಚೆಯಿಂದ ಎದುರಿಗೆ ಏನು ಬರುತ್ತಿದೆ ಎಂಬುದೊಂದು ಕಾಣುವುದಿಲ್ಲ. ಅದಕ್ಕೆ ಬಲಗಡೆ ಒಬ್ಬರು ಕೂತು, ಇಣುಕಿ ನೋಡಿ, ಹೋಗಬಹುದೋ ಬಾರದೋ ಹೇಳಬೇಕು.

ಮೊದಲು ಆ ಹುದ್ದೆ ಅಮ್ಮನದಾಗಿತ್ತು. ಅಮ್ಮ ಸತ್ಯವಂತೆ, ಖಚಿತವಿಲ್ಲದ್ದನ್ನು ಖಚಿತವೆಂದು ಹೇಳಳು.

"ಹೋಗಬಹುದೂಂತ ಕಾಣತ್ತೆ," ಎನ್ನುವಳು.

"ಕಾಣತ್ತೆ ಅಂದ್ರೆ? ರಸ್ತೆ ಕಾಣತ್ತೋ, ಬಸ್ಸು ಕಾಣತ್ತೋ?"

"ಬಸ್ಸಿನ ಥರ ಕಾಣತ್ತೆ. ನೀವು ಬೇಗ ಹೋಗೋದಾದ್ರೆ ಹೋಗಿ."

"ಕಾಣತ್ತೆ ಅನ್ನೋದರ ಮೇಲೆ ಗಾಡಿ ಓಡ್ಸಕ್ಕಾಗಲ್ಲ ಕಣೇ!"

ಒಂದು ವಾರದಲ್ಲಿ ಅಮ್ಮ ರಾಜೀನಾಮೆ ಕೊಟ್ಟಳು. ಕಾರಣವನ್ನು ಮಾತ್ರ ಶಾಸ್ತ್ರದಿಂದ ತಂದಳು: ತಾಳಿ ಕಟ್ಟುವವರೆಗೆ ಹೆಣ್ಣು ಬಲಕ್ಕೆ, ಕಟ್ಟಿದ ಮೇಲೆ ಎಡಕ್ಕೆ. ಇಷ್ಟು ವರ್ಷ ಸಂಸಾರ ಮಾಡಿ ಈಗ ಊರೆಲ್ಲ ನೋಡುವಂತೆ ಗಂಡನ ಬಲಕ್ಕೆ ಕೂತು ಮಾರ್ಕೆಟ್ಟಿಗೆ ಹೋಗುವುದು ಶ್ರೇಯಸ್ಸಲ್ಲ. ಎಡ ಬಲಗಳ ಬಗ್ಗೆ ನಮ್ಮವರು ಇಷ್ಟೊಂದು ಯೋಚಿಸಿದ್ದಾರಲ್ಲ ಎಂದು ನಾನು ಬೆರಗಾದೆ. ಉಣ್ಣುವ ಕೈ ಬಲ, ಒಳಗಿಡುವ ಕಾಲು ಬಲ, ಪ್ರದಕ್ಷಿಣೆಯಲ್ಲಿ ದೇವರು ಬಲಕ್ಕೆ. ಹೆಂಡತಿ ಮತ್ತು ಹೃದಯ ಮಾತ್ರ ಎಡಕ್ಕೆ. ಜಪಾನಿನವರು ಇದನ್ನೆಲ್ಲ ವಿಚಾರಿಸದೆ ವ್ಯಾನು ಮಾಡಿಬಿಟ್ಟಿದ್ದರು.

ಹೀಗೆ ತಾಳಿಯಿಲ್ಲದ ನಾನು ಬಲಗಡೆಯ ಸೀಟಿಗೆ ಅರ್ಹಳಾದೆ.

ನಾನು ಮಾತು ಕಡಿಮೆ. ಮನೆಗೆ ಬಂದವರು "ಯಾಕಮ್ಮ, ಮಾತಾಡಲ್ವಾ?" ಎಂದು ಕೇಳಿದರೆ, ಆ ಪ್ರಶ್ನೆಗೆ ಉತ್ತರಿಸಲೂ ಮಾತು ಬೇಕಲ್ಲ ಎಂದು ಬೇಸರವಾಗುತ್ತದೆ. ಆದರೆ ಆ ಸೀಟಿನಲ್ಲಿ ನನ್ನ ಕೊರತೆಯೇ ಅರ್ಹತೆಯಾಯಿತು. ನಾನು ಎರಡೇ ಪದ ಇಟ್ಟುಕೊಂಡೆ: "ಬೇಡ", "ಹೂಂ". ಹೂಂ ಎಂದ ತಕ್ಷಣ ಅಪ್ಪ ಮರುಪ್ರಶ್ನೆಯಿಲ್ಲದೆ ಲಾರಿಯ ಪಕ್ಕಕ್ಕೆ ವ್ಯಾನು ತಿರುಗಿಸುತ್ತಿದ್ದ. ವಿಶ್ವವಿದ್ಯಾಲಯದಲ್ಲಿ, ಯಾವುದನ್ನು ನಂಬಿ ತಿಳಿಯಬೇಕೆಂಬ ಪ್ರಮಾಣಗಳ ಮೇಲೆ ನಾನು ಬರೆದ ಉದ್ದುದ್ದ ಉತ್ತರಗಳನ್ನು ಯಾರೂ ಅಷ್ಟು ನಂಬಿರಲಿಲ್ಲ. ಒಬ್ಬ ಮನುಷ್ಯ ನನ್ನ ಒಂದು ಅಕ್ಷರದ ಮೇಲೆ ಮೂವರ ಜೀವ ಇಡುತ್ತಿದ್ದಾನೆ ಎಂಬ ಸುಖವನ್ನು ನಾನು ಯಾರಿಗೂ ಹೇಳಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ.

ರಸ್ತೆ ಖಾಲಿಯಿದ್ದಾಗ ಓದುತ್ತಿದ್ದೆ. ಹೊರಗಿನವರ ಕಣ್ಣಿಗೆ ಡ್ರೈವರ್ ಕೂರಬೇಕಾದ ಜಾಗದಲ್ಲಿ ಒಬ್ಬಳು ಹುಡುಗಿ, ಕೈಯಲ್ಲಿ ಪುಸ್ತಕ, ವ್ಯಾನು ತಾನಾಗಿ ಓಡುತ್ತಿದೆ! ನಂಜನಾಡಿನಲ್ಲಿ ಕ್ಯಾರೆಟ್ ಮೂಟೆ ತುಂಬಿಸುವಾಗ, ತಲೆಗೆ ಬಿಳಿ ಬಟ್ಟೆ ಕಟ್ಟಿದ್ದ ಬಡಗ ಸಮುದಾಯದ ಅಜ್ಜಿಯೊಬ್ಬರು ಕಿಟಕಿಯ ಹತ್ತಿರ ಬಂದು ನನ್ನನ್ನು ಮೇಲೆ ಕೆಳಗೆ ನೋಡಿದರು.

"ಏನ ಕೂಸೆ, ಬುಕ್ಕು ಓದಿಗೊಂಡು ವಂಡಿ ಓಟ್ಟುವದಾ ನೀ?"

"ಗಾಡಿ ಓಡ್ಸೋದು ನಾನಲ್ಲ ಅಜ್ಜಿ, ಅಪ್ಪ," ಎಂದು ಎಡಕ್ಕೆ ತೋರಿಸಿದೆ. ಅಪ್ಪ ಟೀ ಕುಡಿಯಲು ಇಳಿದುಹೋಗಿದ್ದ. ಅಜ್ಜಿ ಖಾಲಿ ಸೀಟು ನೋಡಿ, ನನ್ನ ತಲೆಯ ಮೇಲೆ ಕೈಯಿಟ್ಟು, ಬದುಕು ಬದುಕು ಎಂದು ಹರಸಿ ಹೋದರು. ನನಗೆ ಅದರ ಅಗತ್ಯ ಬಹಳವಿದೆ ಎಂದು ಅವರಿಗೆ ಅನ್ನಿಸಿರಬೇಕು.

ನನಗೆ ಲೈಸೆನ್ಸ್ ಇತ್ತು, ಮೈಸೂರಿನಲ್ಲೇ ಪಡೆದದ್ದು. ಓಡಿಸುತ್ತೇನೆಂದರೆ ಅಪ್ಪ, "ಬೇಡ ಮರಿ, ಎಡಗಡೆ ಅಭ್ಯಾಸ ಆದ್ರೆ ಆಮೇಲೆ ಬೇರೆ ಯಾವ ಗಾಡೀನೂ ಬರಲ್ಲ," ಎನ್ನುತ್ತಿದ್ದ. ಅವನಿಗೆ ಬೇರೆ ಗಾಡಿಯೂ ಬರುತ್ತಿತ್ತಲ್ಲ ಎಂದು ನಾನು ಕೇಳಲಿಲ್ಲ. ನನ್ನ ಜಾಗ ನನಗಿತ್ತು.

ವ್ಯಾನಿನ ಬಿಡಿಭಾಗ ಊಟಿಯಲ್ಲಿರಲಿ, ಕೊಯಮತ್ತೂರಿನಲ್ಲೂ ಸಿಗುತ್ತಿರಲಿಲ್ಲ. ಗೂಡಲೂರಿನ ಮಲಯಾಳಿ ಮೆಕ್ಯಾನಿಕ್ ಮೊಯ್ದುಕ್ಕ ಸಿಕ್ಕಿದ್ದನ್ನು ಸೇರಿಸುತ್ತಿದ್ದರು. ಕನ್ನಡಿ ಟೆಂಪೋದ್ದು, ಬಾಗಿಲಿನ ಹಳಿ ಯಾವುದೋ ಟೀ ಫ್ಯಾಕ್ಟರಿಯ ಗೇಟಿನದು, ಹಾರ್ನು ಬಸ್ಸಿನದು. ಎಲ್ಲ ಭಾಗ ಬದಲಾದ ಮೇಲೂ ಇದು ಅದೇ ವ್ಯಾನೇ ಎಂದು ನಾನೊಮ್ಮೆ ತಾತ್ತ್ವಿಕವಾಗಿ ಕೇಳಿದೆ. "ನಂಬರ್ ಪ್ಲೇಟು ಅದೇ ಅಲ್ವೇನೇ?" ಎಂದ ಅಪ್ಪ. ಒಂದು ಸೆಮಿಸ್ಟರಿನ ಪಾಠ ಅಲ್ಲಿಗೆ ಮುಗಿಯಿತು.

ಒಂದು ಆಷಾಢದ ಮಧ್ಯಾಹ್ನ ಗೂಡಲೂರಿನಿಂದ ಮೇಲೆ ಬರುತ್ತಿದ್ದೆವು. ಮಂಜು ಕಿಟಕಿಗೇ ಅಂಟಿಕೊಂಡಿತ್ತು. ಮುಂದೆ ಸೌದೆ ಲಾರಿ.

"ಹೋಗ್ಲಾ?" ಎಂದ ಅಪ್ಪ.

ಹಣೆಯೊತ್ತಿ ನೋಡಿದೆ. ಬಿಳುಪು, ಬಿಳುಪು. "ಗೊತ್ತಿಲ್ಲ," ಎಂದೆ.

ಅದು ನನ್ನ ಮೂರನೆಯ ಪದ. ಅಪ್ಪ ಬೆಚ್ಚಿದ. ಊಟಿಯವರೆಗೂ ಆ ಲಾರಿಯ ಹಿಂದೆಯೇ, ಸೌದೆಯ ವಾಸನೆ ಕುಡಿಯುತ್ತ ಬಂದೆವು. ಮನೆ ತಲುಪಿ ಅಪ್ಪ ಹೇಳಿದ: "ಸ್ಟೀರಿಂಗು ಬಲಕ್ಕೆ ಹಾಕ್ಸಿಬಿಡ್ತೀನಿ. ನಿನ್ನ ಕಣ್ಣಿನ ಮೇಲೆ ಎಷ್ಟೂಂತ ಭಾರ ಹಾಕೋದು."

ಭಾರವೆಂದು ನಾನು ಯಾವತ್ತಾದರೂ ಹೇಳಿದ್ದೆನೆ? ಅಮ್ಮ ಖುಷಿಯಿಂದ, ಇನ್ನು ಮುಂದೆ ತಾನೇ ಮುಂದೆ ಕೂರುವುದಾಗಿ, ಅದೂ ಶಾಸ್ತ್ರೋಕ್ತವಾಗಿ ಎಡಕ್ಕೆ, ಘೋಷಿಸಿದಳು. ನನಗೆ ಹಿಂದೆ, ಕ್ಯಾರೆಟ್ ಮೂಟೆಗಳ ಜೊತೆ ಜಾಗ. ನಾನು ಎಂದಿನಂತೆ ಏನೂ ಹೇಳಲಿಲ್ಲ. ಹೇಳದಿದ್ದುದಕ್ಕೆ ಮೊದಲ ಸಲ ನೋವಾಯಿತು.

ವ್ಯಾನು ಗೂಡಲೂರಿನಲ್ಲಿ ಬಹಳ ದಿನ ಮಲಗಿತ್ತು. ತರಲು ಹೋದ ದಿನ ಮೊಯ್ದುಕ್ಕ ಬಾಗಿಲು ತೆರೆದು ತೋರಿಸಿದರು. ಬಲಗಡೆ ಸ್ಟೀರಿಂಗು, ಎಡಗಡೆ ತೂತುಗಳಿಗೆ ಹೊಲಿದ ರೆಕ್ಸಿನ್ನು. ಗಾಜಿನ ಮೇಲಿನ ಕಲೆ ಅಲ್ಲೇ ಇತ್ತು. ಅಮ್ಮನ ಶುಕ್ರವಾರಗಳು ಅಷ್ಟು ದೂರ ತಲುಪಿರಲಿಲ್ಲ.

ಅಪ್ಪ ಹತ್ತಿ ಕೂತ. ಆರಡಿ ಆಳು, ಮೊಣಕಾಲು ಸ್ಟೀರಿಂಗಿನ ಎರಡೂ ಬದಿಗೆ ಕಪ್ಪೆಯಂತೆ ಮೇಲೆದ್ದವು. "ಸೀಟು ಹಿಂದಕ್ಕೆ ಹೋಗಲ್ವಾ ಮೊಯ್ದುಕ್ಕ?"

"ಇಲ್ಲ ಸಾರ್. ನಿಮ್ಮ ಮೋಳು ಕೂತು ಕೂತು ಹಾಗೇ ತುಕ್ಕು ಹಿಡಿದುಪೋಯ್ತು. ಬಲವಾಗಿ ಎಳೆದ್ರೆ ಹಳಿ ಮುರೀತದೆ. ಬೇರೆ ಹಳಿ ಸಿಗೋವರೆಗೂ ಅಡ್ಜಸ್ಟ್ ಮಾಡಿ." ನನ್ನ ಕಡೆ ತಿರುಗಿ, "ಮೋಳೇ, ವಂಡಿಗೆ ನಿಮ್ಮ ಅಳತೆ ಮಾತ್ರ ಗೊತ್ತು," ಎಂದು ನಕ್ಕರು.

ಅಪ್ಪ ಊಟಿಯವರೆಗೆ ಕಪ್ಪೆಯಾಗಿಯೇ ಬಂದ. ಸಂಜೆ ಅಮ್ಮ ಅವನ ಮಂಡಿಗೆ ಯೂಕಲಿಪ್ಟಸ್ ಎಣ್ಣೆ ತಿಕ್ಕಿದಳು. ಹಳಿ ಯಾವಾಗ ಸಿಗುತ್ತದೆಂದು ಯಾರೂ ಕೇಳಲಿಲ್ಲ. ನಾನಂತೂ ಕೇಳಲಿಲ್ಲ.

ಮರುದಿನ ಬೆಳಗ್ಗೆ ನಂಜನಾಡಿಗೆ ಹೋಗಬೇಕಿತ್ತು. ಅಪ್ಪ ಅಭ್ಯಾಸಬಲದಿಂದ ಎಡಗಡೆಯ ಬಾಗಿಲಿಗೆ ಹೋದ, ನಾನು ಅಭ್ಯಾಸಬಲದಿಂದ ಬಲಗಡೆಯ ಬಾಗಿಲಿಗೆ. ಇಬ್ಬರೂ ಕೂತೆವು. ಅಪ್ಪ ಕೈ ಚಾಚಿ ಹೊಸ ರೆಕ್ಸಿನ್ನನ್ನು ಒಮ್ಮೆ ತಡವಿದ. ನನ್ನ ಮುಂದಿದ್ದ ಸ್ಟೀರಿಂಗನ್ನು ನೋಡಿದ, ತನ್ನ ಮಂಡಿ ನೋಡಿಕೊಂಡ. ಆಮೇಲೆ ಜೇಬಿನಿಂದ ಕೀಲಿ ತೆಗೆದು, ನನ್ನ ಕಡೆ ನೋಡದೆ, ದಿಕ್ಸೂಚಿಯ ಪಕ್ಕದಲ್ಲಿಟ್ಟ. ಅಮ್ಮ, ಮುಂದೆ ಕೂರುವ ಘೋಷಣೆ ಮರೆತವಳಂತೆ ಹಿಂದೆ ಕೂತು ಮೂಟೆಗಳ ಚೀಲ ಮಡಿಸುತ್ತ, "ನಿಧಾನ ಕಣೇ," ಎಂದಳು.

ಊರು ದಾಟಿದ ಮೇಲೆ ಆಲೂಗಡ್ಡೆ ಲಾರಿಯೊಂದು ಅಡ್ಡ ಸಿಕ್ಕಿತು. ಅಪ್ಪ ಎಡಗಡೆಯಿಂದ ಕತ್ತು ಉದ್ದ ಮಾಡಿ ನೋಡಿದ. ಅಲ್ಲಿಂದ ಅವನಿಗೆ ಕೋಸಿನ ಹೊಲ ಮಾತ್ರ ಕಾಣುತ್ತಿತ್ತು.

"ಹೋಗಬಹುದೂಂತ ಕಾಣತ್ತೆ," ಎಂದ.

ಹಿಂದಿನ ಸೀಟಿನಲ್ಲಿ ಅಮ್ಮ ಜೋರಾಗಿ ಕೆಮ್ಮಿದಳು. ನಾನು ಗಾಜಿಗೆ ಹಣೆಯೊತ್ತಿ ನೋಡಿದೆ, ಎದುರಿನ ಬಸ್ಸು ದಾಟಿಹೋಗುವವರೆಗೆ ಕಾದೆ, ನನಗೆ ನಾನೇ "ಹೂಂ" ಎಂದುಕೊಂಡು ವ್ಯಾನನ್ನು ಬಲಕ್ಕೆ ತಿರುಗಿಸಿದೆ.