ಸರಸಮ್ಮ ಪೊರೆ ಬಿಟ್ಟದ್ದು

ನನ್ನ ಓರಗಿತ್ತಿ ಸರಸಮ್ಮ ನಮ್ಮೂರು ಕಲ್ಯಕ್ಕೆ ಸೊಸೆಯಾಗಿ ಬಂದಾಗ ಅವಳಿಗಿಂತ ಅವಳ ತಲೆಯ ಮೇಲಿನ ಹಿಪ್ಪುನೇರಳೆ ಸೊಪ್ಪಿನ ಹೊರೆಯೇ ದೊಡ್ಡದಾಗಿ ಕಾಣುತ್ತಿತ್ತು. ರೇಷ್ಮೆ ಹುಳು ಸಾಕುವುದರಲ್ಲೇ ಅವಳ ಆಯುಸ್ಸು ಸವೆಯಿತು. ಕಾಲು ತೊಳೆಯದೆ ಹುಳುಮನೆಗೆ ಯಾರನ್ನೂ ಬಿಡಳು. ಹುಳು ಮೇವು ಬಿಟ್ಟು, ತಲೆಯೆತ್ತಿ, ಪೊರೆ ಕಳಚಲು ಕೂತರೆ ನಮ್ಮ ಕಡೆ ಅದನ್ನು ಜ್ವರ ಅನ್ನುತ್ತೇವೆ. ಆಗ ಅವಳದು ಪಿಸುಮಾತೇ.

"ಜ್ವರದಾಗವೆ ಕಣಕ್ಕ, ಗಲಾಟೆ ಮಾಡ್ಬ್ಯಾಡ."

"ನಂಗೆ ಜ್ವರ ಬಂದಾಗ ಒಂದಿನ ಇಂಗೆ ಮೆಲ್ಲಗೆ ಮಾತಾಡಿದ್ದೀಯೇನಮ್ಮಿ?" ಎಂದು ಗಂಡ ಮರಿಯಪ್ಪ ರೇಗಿಸುವನು.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಅವಳ ಬಲಗೆನ್ನೆಗೆ ನೋವು ಹತ್ತಿತು. ನೀರು ಮುಕ್ಕಳಿಸಿದರೂ, ಗಾಳಿ ಸೋಕಿದರೂ ಕರೆಂಟು ಹೊಡೆದಂತೆ ಕಿರುಚುವಳು. ಹಲ್ಲು ಕೀಳಿಸಿದರೂ ಹೋಗಲಿಲ್ಲ. ಕೊನೆಗೆ ಒಬ್ಬಳೇ ಮಾಗಡಿಗೆ ಹೋಗಿ ಡಾಕ್ಟರಿಗೆ ತೋರಿಸಿದಳು. ಮುಖದ ನರದ ಬಾಧೆ ಎಂದು ಮಾತ್ರೆ ಕೊಟ್ಟರಂತೆ. ಮೈಮೇಲೆ ಏನಾದರೂ ಎದ್ದರೆ ನಿಲ್ಲಿಸಿ ಬಾ ಎಂದೂ ಹೇಳಿದ್ದರಂತೆ. ಆ ಎಚ್ಚರಿಕೆಯ ಮಾತು ನಮಗೆ ಆಮೇಲೆ ತಿಳಿಯಿತು. ನೋವು ಕೈಯಲ್ಲಿ ತೆಗೆದಿಟ್ಟಂತೆ ಹೋಯಿತು. ಮಾತ್ರೆಯೂ ಮುಗಿಯಿತು ಅಂದುಕೊಂಡು ನಾವೆಲ್ಲ ಅದನ್ನು ಮರೆತೆವು.

ಯುಗಾದಿ ಹತ್ತಿರ ಬಂದಾಗ ಅವಳಿಗೆ ಜ್ವರ ಕಾಯಿತು. ಕಣ್ಣು ಕೆಂಡವಾಯಿತು, ಬಾಯಿ ಹುಣ್ಣಾಯಿತು, ಎದೆಯ ಮೇಲೆ ಕಪ್ಪುಗೆಂಪು ಮಚ್ಚೆ ಎದ್ದವು. ಪಕ್ಕದ ಬೀದಿಯ ಮಕ್ಕಳಿಗೆ ಆಗಲೇ ಅಮ್ಮ, ಅಂದರೆ ಸೀತಾಳೆ ಸಿಡುಬು, ಆಗಿತ್ತು. ಇವಳಿಗೂ ಅಮ್ಮನೇ ಎಂದುಕೊಂಡೆವು. ಸರಸಮ್ಮ ಮಲಗಿದಲ್ಲಿಂದಲೇ ಕಟ್ಟುಪಾಡು ಹೇಳಿದಳು: ಬಾಗಿಲಿಗೆ ಬೇವು ಸಿಕ್ಕಿಸಿ, ಒಗ್ಗರಣೆ ಹಾಕಬೇಡಿ, ಮಾತ್ರೆ ಗೀತ್ರೆ ಮನೆಯೊಳಗೆ ತರಬೇಡಿ.

ಮಚ್ಚೆಗಳು ನೀರುಗುಳ್ಳೆಗಳಾದವು. ಮೈ ಕೆಳಗೆ ಹಾಸಿದ್ದ ಬೇವಿನ ಸೊಪ್ಪು ಬದಲಿಸಲು ಒಂದು ಬೆಳಿಗ್ಗೆ ಅವಳ ಬೆನ್ನಿಗೆ ಕೈಕೊಟ್ಟು ಎತ್ತಿದೆ. ಬೆನ್ನಿನ ಚರ್ಮ ನನ್ನ ಅಂಗೈಗೆ ಅಂಟಿಕೊಂಡು ಬಂತು, ಹುಳು ಬಿಟ್ಟ ಪೊರೆಯ ಹಾಗೆ. ನನ್ನ ಮಕ್ಕಳಿಗೆಲ್ಲ ಅಮ್ಮ ಆದದ್ದು ಕಂಡಿದ್ದೇನೆ. ಅದು ಒಣಗಿ ಹಕ್ಕಳೆಯಾಗಿ ಉದುರುತ್ತದೆ, ಹೀಗೆ ಸುಲಿದು ಬರುವುದಿಲ್ಲ. ಆದರೆ ಅದನ್ನು ಬಾಯಿಬಿಟ್ಟು ಅನ್ನಲೂ ಭಯ.

"ಆಸ್ಪತ್ರೆಗೆ ಎತ್ಕೊಂಡೋದ್ರೆ ಅಮ್ಮ ಮುನಿಸ್ಕತಾಳೇನೋ ಅತ್ತಿಗೆ," ಎಂದ ಮರಿಯಪ್ಪ.

"ನನ್ ಮ್ಯಾಲೆ ಮುನಿಸ್ಕಳ್ಳಿ. ನಂದೇನೈತೆ, ಮುದುಕಿ. ನೀ ಮೊದ್ಲು ಗಾಡಿ ಕರಸು."

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊದಿಕೆ ಸರಿಸಿ ನೋಡಿದವರೇ, "ಈ ಒಂದೆರಡು ತಿಂಗಳಲ್ಲಿ ಯಾವ ಮಾತ್ರೆ ತಗೊಂಡಿದ್ದಾರೆ?" ಎಂದು ಕೇಳಿದರು.

"ಏನೂ ಇಲ್ಲ ಮೇಡಂ," ಎಂದಳು ಜೊತೆಗೆ ಬಂದಿದ್ದ ಸರಸಮ್ಮನ ಸೊಸೆ ಮಮತಾ. "ಅಮ್ಮ ಆದಾಗ ನಮ್ಮಲ್ಲಿ ಮಾತ್ರೆ ಮುಟ್ಟಲ್ಲ. ನಮ್ಮತ್ತೆಯಂತೂ ಮನೆಗೇ ತರಗೊಡ್ಲಿಲ್ಲ."

"ಸರಿಯಾಗಿ ಯೋಚನೆ ಮಾಡಿ. ಇದು ಗೊತ್ತಾಗಲೇಬೇಕು."

ನಾನೂ ಇಲ್ಲವೆಂದೇ ತಲೆಯಾಡಿಸಿದೆ. ಸರಸಮ್ಮನ ತುಟಿಗಳು ಅಂಟಿಹೋಗಿದ್ದವು. ಕಣ್ಣಿನ ಸಂದಿಯಲ್ಲಿ ನನ್ನನ್ನೇ ನೋಡುತ್ತಿದ್ದಳು. ಸುಲಿದ ಬೆರಳಿನಿಂದ ನನ್ನ ಕೈಯನ್ನು ತನ್ನ ಸೊಂಟದ ಕಡೆಗೆ ಎಳೆದಳು. ಅಲ್ಲಿ ಸೆರಗಿನ ತುದಿಯಲ್ಲಿ ಒಂದು ಗಂಟಿತ್ತು. ಬಿಚ್ಚಿದರೆ ಮಾತ್ರೆಯ ಹಾಳೆ, ಅರ್ಧ ಖಾಲಿ.

"ಬೆಳಿಗ್ಗೇನೂ ನುಂಗ್ದೆ ಅಕ್ಕ," ಎಂದಳು, ತುಟಿಯ ಸಂದಿಯಿಂದ, ಉಸಿರಿನಷ್ಟೇ ಮೆಲ್ಲಗೆ. "ಕೆನ್ನೆ ನೋವು ತಿರುಗಿ ಬತ್ತದೆ ಅಂತ ಹೆದ್ರಿಕೆ. ಕದ್ದು ನುಂಗ್ದೆ ಅಂತ ಅಮ್ಮ ಸುಟ್ಬುಟ್ಲು. ನಮ್ಮನೆಯವ್ರಿಗೆ ಏಳ್ಬ್ಯಾಡ."

ನಾನು ಹಾಳೆಯನ್ನು ಡಾಕ್ಟರಮ್ಮನ ಕೈಗೆ ಕೊಟ್ಟೆ. ಅವರು ತಿರುಗಿಸಿ ಓದಿದರು.

"ಅಮ್ಮ ಅಲ್ಲ ತಾಯಿ, ಮಾಡಿದ್ದು ಈ ಮಾತ್ರೆ. ಸಾವಿರಾರು ಜನಕ್ಕೆ ಒಗ್ಗತ್ತೆ, ಎಲ್ಲೋ ಒಬ್ಬರಿಗೆ ಹೀಗೆ ಸುಟ್ಟ ಹಾಗೆ ಚರ್ಮ ಬಿಡಿಸುತ್ತೆ. ಇನ್ನು ಒಂದೂ ಒಳಗೆ ಹೋಗಬಾರದು."

"ಉಳೀತಾಳಾ?" ಎಂದ ಮರಿಯಪ್ಪ.

ಅವರು ಸುಳ್ಳು ಹೇಳಲಿಲ್ಲ. "ಈಗಲೇ ಏನೂ ಹೇಳೋಕಾಗಲ್ಲ," ಎಂದರು.

ಗಾಜಿನ ಆಚೆ ಅವಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದರು, ಗೂಡು ಕಟ್ಟಿದ ಹುಳುವಿನ ಹಾಗೆ. ಎಷ್ಟೋ ಮೂಟೆ ಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಸಾಗಿಸಿದ್ದೇವೆ. ನೂಲು ತೆಗೆಯಲು ಕುದಿಸುವ ಆ ಗೂಡಿನೊಳಗಿನ ಹುಳು ಜೀವಂತವಾಗಿ ತಿರುಗಿ ಬಂದದ್ದು ನಾನು ಕಾಣೆ.

ಸರಸಮ್ಮ ಮನೆಗೆ ತಿರುಗಿ ಬಂದಳು. ಮೈಯೆಲ್ಲ ಎಳೆಗೂಸಿನ ಚರ್ಮ, ಅಲ್ಲಲ್ಲಿ ಕಪ್ಪು ಕಲೆ. ಕಣ್ಣಲ್ಲಿ ನೀರು ಬತ್ತಿಹೋಗಿ ಹೊತ್ತುಹೊತ್ತಿಗೆ ಮದ್ದಿನ ಹನಿ ಬಿಡಬೇಕು. ಅಳಬೇಕೆಂದರೂ ಕಣ್ಣು ಬರಿದೇ ಉರಿಯುತ್ತವೆ. "ಮಾತ್ರೆ ಕಳ್ಳಿ" ಎಂದು ಮರಿಯಪ್ಪ ರೇಗಿಸಿದರೆ ನಗುತ್ತಾಳೆ. ಅವನಿಗೆ ಮಾತ್ರ ನಗು ಪೂರ್ತಿ ಬರುವುದಿಲ್ಲ.

ಮೊನ್ನೆ ಅವಳಿಗೆ ಮತ್ತೆ ಮೈ ಬಿಸಿಯಾಯಿತು. ಅಂಗಡಿಯ ಮಾತ್ರೆ ಮುಟ್ಟಲಿಲ್ಲ. ಮಾಗಡಿಗೆ ಹೋಗಿ, ಡಾಕ್ಟರು ಕೇಳುವ ಮೊದಲೇ ತನಗೆ ಆಗದ ಮಾತ್ರೆಯ ಹೆಸರು ಹೇಳಿದಳು. ಇದು ಅದರ ಜಾತಿಯದ್ದಲ್ಲ, ನುಂಗಮ್ಮ ಎಂದು ಬೇರೆ ಕೊಟ್ಟರು. ಮನೆಗೆ ಬಂದು ಅಂಗೈಲಿಟ್ಟುಕೊಂಡು ಬಹಳ ಹೊತ್ತು ಕೂತು, ಕಣ್ಣು ಮುಚ್ಚಿ ನುಂಗಿದಳು. ಆಮೇಲೆ ನನ್ನ ಮುಂದೆ ತೋಳು ಚಾಚಿದಳು.

"ನೋಡಕ್ಕ, ಎಲ್ಲಾದ್ರೂ ಕೆಂಪಗಾಯ್ತಾ?"

"ಇಲ್ಲ ಕಣೆ."

"ಒಸಿ ಬೆಳಕಿಗೆ ಬಂದು ನೋಡು."

ನನಗೂ ಕಣ್ಣು ಮಂಜು. ಅವಳ ಕೈ ಹಿಡಿದು ಬಾಗಿಲಿನ ಬೆಳಕಿಗೆ ಕರೆತಂದು, ಮತ್ತೆ ಮೊದಲಿನಿಂದ ನೋಡಿದೆ.