ಅಪ್ಪನ ಕಾರ್ಡು ತಿರುಗಿಸಿದವನು

ನನ್ನ ಸೋದರಮಾವ ರಜೆಗೆ ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಾನೆ. ಯಾವ ಮುಖ ಇಟ್ಟುಕೊಂಡು ಬರುತ್ತಾನೋ! ತಮ್ಮ ಬಂದನೆಂದು ಅಮ್ಮ ಓಡಾಡುತ್ತಾಳೆ. ನಾನು ಮುಖ ಸಿಂಡರಿಸಿಕೊಂಡು ನಿಲ್ಲುತ್ತೇನೆ. ಅಪ್ಪ ಮೇಜಿನ ಪಕ್ಕದ ಕುರ್ಚಿಯಲ್ಲಿ ಬೂಟು ಹಾಕಿಕೊಂಡೇ ಕೂತಿರುತ್ತಾನೆ. ತುಟಿ ಪಿಟಕ್ಕೆನ್ನುವುದಿಲ್ಲ.

ಅಪ್ಪ ಕ್ರೇನ್ ಆಪರೇಟರ್ ಆಗಿದ್ದ. ಸಮುದ್ರದ ನಡುವೆ ಕಬ್ಬಿಣದ ಕಾಲುಗಳ ಮೇಲೆ ನಿಂತು ಎಣ್ಣೆಗಾಗಿ ತಳ ಕೊರೆಯುವ ರಿಗ್ಗಿನಲ್ಲಿ ಅವನ ಅರ್ಧ ಆಯುಷ್ಯ ಕಳೆಯಿತು. ಮಲಗಿದರೆ ಗುಡುಗಿದರೂ ಏಳದ ಅವನಿಗೆ ಅಲ್ಲಿ ಕುಂಭಕರ್ಣ ಎಂದೇ ಹೆಸರು. ಮಾವನನ್ನು ಅಲ್ಲಿ ಕೆಲಸಕ್ಕೆ ಸೇರಿಸಿದ್ದೂ ಅವನೇ, ಅಮ್ಮನ ಕಾಟ ತಡೆಯಲಾರದೆ.

ರಿಗ್ಗಿನಲ್ಲಿ ಲೈಫ್‌ಬೋಟಿನ ಪಕ್ಕ ಒಂದು ಹಲಗೆ ಇರುತ್ತದೆ, ಅದರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಾರ್ಡು. ಸೈರನ್ ಕೂಗಿದರೆ ಎಲ್ಲರೂ ಓಡಿ ಬಂದು ತಮ್ಮ ತಮ್ಮ ಕಾರ್ಡನ್ನು ಬಿಳಿ ಮಗ್ಗುಲಿನಿಂದ ಹಸಿರಿಗೆ ತಿರುಗಿಸಬೇಕು. ಹಲಗೆ ಪೂರ್ತಿ ಹಸಿರಾದರೆ ಎಲ್ಲರೂ ಬಂದಂತೆ. ವಾರವಾರದ ತಾಲೀಮಿಗೆ ಅಪ್ಪ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. "ನಂದೂ ತಿರುಗಿಸಿಬಿಡೋ" ಎಂದು ಮುಸುಕೆಳೆದುಕೊಳ್ಳುತ್ತಿದ್ದ. ಅದೇ ಕೋಣೆಯಲ್ಲಿದ್ದ ಮಾವ ಎರಡೂ ಕಾರ್ಡು ತಿರುಗಿಸಿ ಬರುತ್ತಿದ್ದ. ಅಪ್ಪನದೂ ತಪ್ಪಿದೆ, ಗೊತ್ತು. ಆದರೆ ಮಾವನ ತಪ್ಪಿನ ಪಕ್ಕದಲ್ಲಿಟ್ಟು ಅದನ್ನು ತೂಗಲು ನಾನು ತಯಾರಿಲ್ಲ.

ಒಮ್ಮೆ ಚಂಡಮಾರುತವೊಂದು ಹವಾಮಾನದವರು ಹೇಳಿದ್ದಕ್ಕಿಂತ ಮೊದಲೇ ಬಂತು. ಎಲ್ಲರನ್ನೂ ಹೆಲಿಕಾಪ್ಟರಿನಲ್ಲಿ ದಡಕ್ಕೆ ಸಾಗಿಸಲು ಸೈರನ್ ಕೂಗಿದಾಗ ಅಪ್ಪ ಕ್ರೇನಿನ ತೋಳು ಮಲಗಿಸಿ ಸರಪಳಿ ಬಿಗಿಯುತ್ತಿದ್ದ. ಗಾಳಿಯ ಅಬ್ಬರದಲ್ಲಿ ಅವನಿಗೆ ಏನೂ ಕೇಳಿಸಲಿಲ್ಲ. ಮಾವ ಅಭ್ಯಾಸಬಲದಿಂದ ಎರಡೂ ಕಾರ್ಡು ತಿರುಗಿಸಿದ. ಭಾವ ಮುಂದಿನ ಟ್ರಿಪ್ಪಿಗೆ ಬರುತ್ತಾನೆ ಅಂದುಕೊಂಡು ತಾನು ಮೊದಲ ಟ್ರಿಪ್ಪಿಗೇ ಹತ್ತಿ ಕೂತ. ಕೊನೆಯ ಟ್ರಿಪ್ಪಿನವರು ಹಲಗೆ ನೋಡಿದರು, ಪೂರ್ತಿ ಹಸಿರಾಗಿತ್ತು. ಹೊರಟುಬಿಟ್ಟರು.

ಅಪ್ಪ ಕೆಳಗಿಳಿದು ಬಂದಾಗ ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ. ತನ್ನ ಕಾರ್ಡು ಹಸಿರಾಗಿದ್ದುದನ್ನು ನೋಡಿ ಎಲ್ಲ ಅರ್ಥವಾಯಿತಂತೆ. ಊಟದ ಕೋಣೆಯಲ್ಲಿ ನೆಲಕ್ಕೆ ಬೋಲ್ಟು ಹಾಕಿದ ಮೇಜಿನ ಕಾಲಿಗೆ ಸೊಂಟ ಕಟ್ಟಿಕೊಂಡು ಬಿದ್ದಿದ್ದ. ಕಿಟಕಿ ಒಡೆದು ನೀರು ನುಗ್ಗಿತು. ರಿಗ್ಗು ವಾಲಿದಾಗಲೆಲ್ಲ ತನ್ನ ಕಥೆ ಮುಗಿಯಿತು ಅಂದುಕೊಂಡ. ಗಾಳಿ ಅಡಗಿದ ಮೇಲೆ ಬಂದವರು ಅವನನ್ನು ಜೀವಂತ ಎತ್ತಿ ತಂದರು. ಅಂದಿನಿಂದ ಕುಂಭಕರ್ಣನಿಗೆ ನಿದ್ದೆಯಿಲ್ಲ, ಬೂಟೂ ಬಿಚ್ಚುವುದಿಲ್ಲ.

ಅಪ್ಪ ಕಂಪನಿಯ ವಿಚಾರಣೆಗೆ ಹೊರಟ ಬೆಳಿಗ್ಗೆ ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ರೀ, ನನ್ನ ತಮ್ಮನ ಹೆಸರು ಹೇಳ್ಬೇಡಿ. ಪುಟ್ಟ ಮಕ್ಕಳಿದಾವೆ ಅವನಿಗೆ."

ನಾನೇನು ಆಕಾಶದಿಂದ ಉದುರಿದವಳೇ? ಅಪ್ಪ ಅಲ್ಲಿ ಹೋಗಿ, ಕಾರ್ಡು ತಿರುಗಿಸಿದ್ದು ನಾನೇ, ಆಮೇಲೆ ಕ್ರೇನಿಗೆ ವಾಪಸು ಹೋದೆ ಎಂದುಬಿಟ್ಟ. ಅವನ ಕೆಲಸ ಹೋಯಿತು. ಈಗ ಅದೇ ಕ್ರೇನನ್ನು ಮಾವ ನಡೆಸುತ್ತಾನೆ.

ಮೊನ್ನೆ ಬಂದವನು ಕಾಫಿ ಮುಟ್ಟಲಿಲ್ಲ. ಅಪ್ಪನ ಕಾಲ ಬಳಿ ನೆಲದ ಮೇಲೆ ಕೂತ.

"ಭಾವ, ಬೈರಿ, ಬೇಕಾದ್ರೆ ಹೊಡೀರಿ. ಹೀಗೆ ಸುಮ್ಮನಿರ್ಬೇಡಿ. ಕಣ್ಣು ಮುಚ್ಚಿದ್ರೆ ಆ ಹಲಗೇನೇ ಕಾಣುತ್ತೆ. ನಿದ್ದೇನೇ ಬರಲ್ಲ."

"ಒಂದು ಮಾತಾದ್ರೂ ಆಡಿ ರೀ" ಎಂದು ಅಮ್ಮ ಅತ್ತಳು.

ಅಪ್ಪ ಅವನ ಕಡೆ ತಿರುಗಿದ. ಆ ಚಂಡಮಾರುತದ ನಂತರ ಅವನನ್ನು ನೇರವಾಗಿ ನೋಡಿದ್ದು ಅದೇ ಮೊದಲು.

"ನಾನು ಬೈದ್ಬಿಟ್ರೆ ನಿನಗೆ ನಿದ್ದೆ ಬಂದುಬಿಡುತ್ತೆ ಕಣೋ. ಬರಬಾರದು."

ಮಾವ ಎದ್ದು ಹೋದ. ನನಗೆ ಹೊಟ್ಟೆ ತಣ್ಣಗಾಯಿತು. ಅವನ ಬೆನ್ನ ಹಿಂದೆಯೇ ಬಾಗಿಲನ್ನು ಬೇಕೆಂದೇ ಧಡಾರನೆ ಹಾಕಿದೆ. ಆ ಸದ್ದಿಗೆ ಅಪ್ಪ ಬೆಚ್ಚಿಬಿದ್ದು, ಕುರ್ಚಿಯಿಂದ ಜಾರಿ, ಮೇಜಿನ ಕಾಲನ್ನು ತಬ್ಬಿ ಹಿಡಿದುಕೊಂಡ.