ಅಪ್ಪನ ಎದೆಯ ಅಂಕಿ

ನನ್ನ ತಮ್ಮನನ್ನು ಕಂಡರೆ ನನಗೆ ಚಿಕ್ಕಂದಿನಿಂದಲೂ ಹೊಟ್ಟೆಕಿಚ್ಚು. ಅವನು ಅಪ್ಪನ ಜೊತೆ ಮೊಳಕಾಲ್ಮೂರು ಕಡೆಯ ಸಿದ್ದಾಪುರದ ಗುಡ್ಡಗಳಲ್ಲಿ ಕುರಿ ಹಿಂದೆ ಅಲೆದ. ಹೆಣ್ಣು ಗುಡ್ಡ ಅಲೆಯಬಾರದು ಅಂತ ನನ್ನನ್ನು ಸ್ಕೂಲಿಗೆ ಅಟ್ಟಿದರು. ಓದಿ ಚಳ್ಳಕೆರೆಯಲ್ಲಿ ಟೀಚರ್ ಆದೆ, ಸಂಬಳ ಬಂತು, ಕಿಚ್ಚು ಮಾತ್ರ ಆರಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಅಪ್ಪನಿಗೆ ಬೆಂಗಳೂರಿನಲ್ಲಿ ಹಾರ್ಟ್ ಆಪರೇಷನ್ ಆಯಿತು. ಡಾಕ್ಟರನ್ನು ಹುಡುಕಿದ್ದು, ಅಪ್ಪನನ್ನು ಒಪ್ಪಿಸಿದ್ದು, ಓಡಾಡಿದ್ದು ಎಲ್ಲ ನಾನು. ತಮ್ಮ ಎಲ್ಲ ಮುಗಿದ ಮೇಲೆ ಮೊಳಕಾಲ್ಮೂರಿನಿಂದ ಬಸ್ಸು ಹಿಡಿದು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದ.

ಐಸಿಯುನಲ್ಲಿ ಅಪ್ಪನ ಕತ್ತಿನ ರಕ್ತನಾಳದಿಂದ ಹೃದಯದೊಳಕ್ಕೆ ಒಂದು ತೆಳ್ಳನೆಯ ಕೊಳವೆ ಹಾಯಿಸಿದ್ದರು. ಅದು ಒಳಗಿನ ರಕ್ತವನ್ನು ತುಸುವೇ ಬಿಸಿ ಮಾಡಿ, ಆ ಬಿಸಿ ಮುಂದೆ ಎಷ್ಟು ಉಳಿಯಿತೆಂದು ನೋಡಿ, ಹೃದಯದಿಂದ ನಿಮಿಷಕ್ಕೆ ಎಷ್ಟು ಲೀಟರ್ ರಕ್ತ ಹೊರಡುತ್ತಿದೆಯೆಂದು ಪರದೆಯ ಮೇಲೆ ತೋರಿಸುತ್ತಲೇ ಇರುತ್ತಿತ್ತು. ಮೂರರ ಆಸುಪಾಸು. ಅದು ಏರದಿದ್ದರೆ ಕಷ್ಟ ಅಂದಿದ್ದರು ಡಾಕ್ಟರು. ಬಾಯಲ್ಲಿ ಉಸಿರಾಟದ ಕೊಳವೆ ಇದ್ದುದರಿಂದ ಅಪ್ಪನಿಗೆ ಮಾತಿಲ್ಲ. ಆ ಅಂಕಿಯೇ ಅಪ್ಪನ ಮಾತು ಎಂದುಕೊಂಡು ನಾನು ಕೈ ಹಿಡಿದು ಕೂತಿರುತ್ತಿದ್ದೆ. ಅದು ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ.

ಒಳಗೆ ಒಬ್ಬರಿಗೇ ಪ್ರವೇಶ. ನಾನು ಹೊರಬಂದೆ, ತಮ್ಮ ಹೋದ. ಸಿಸ್ಟರ್ ಅವನ ಕಂಬಳಿ ತೆಗೆಸಿ ಹೊರಗಿಡಿಸಿದರು. ಅರೆತೆರೆದ ಬಾಗಿಲಲ್ಲಿ ನಿಂತು ನೋಡಿದೆ. ಅವನು ಅಪ್ಪನ ಕಿವಿಗೆ ಬಾಗಿ, ಕುರಿಗಳನ್ನು ನೀರಿಗಿಳಿಸುವಾಗ ಹಾಕುವ ಕೂಗನ್ನು ಪಿಸುದನಿಯಲ್ಲಿ ಹಾಕಿದ.

"ಯಪ್ಪಾ, ಕರಿಕುರಿ ಈದೈತೆ. ಅವಳಿ ಮರಿ."

ಪರದೆಯ ಅಂಕಿ ನಾಲ್ಕಕ್ಕೆ ಏರಿತು. ಅಪ್ಪ ಉಳಿದ ಎಂಬ ಸಂತೋಷಕ್ಕಿಂತ ಮೊದಲು ನನಗೆ ಮೈಯೆಲ್ಲ ಉರಿಯಿತು. ಸಿಸ್ಟರ್ ಹೊರಬಂದಾಗ ತಡೆಯಲಾರದೆ ಕೇಳಿದೆ.

"ಅವನ ಕೂಗು ಕೇಳಿ ಏರಿತಾ ಸಿಸ್ಟರ್?"

"ಇಲ್ಲ ಮೇಡಂ. ಇದು ಹಿಂದಿನ ಕೆಲವು ನಿಮಿಷಗಳ ಸರಾಸರಿ. ಈಗ ಕಾಣ್ತಿರೋದು ಅವರು ಒಳಗೆ ಬರೋ ಮುಂಚಿಂದು. ಔಷಧಿ ಹಿಡೀತಿರಬೇಕು."

ಔಷಧಿಯ ಮಾತು ನನ್ನ ಕಿವಿಗೆ ಬೀಳಲಿಲ್ಲ. ಅವನು ಬರುವ ಮುಂಚೆ ಅಲ್ಲಿದ್ದವಳು ನಾನು. ಹಾಗಾದರೆ ಅದು ನನ್ನ ಪಾಲಿನದು. ಒಳಗೊಳಗೇ ಕುಣಿದೆ. ತಮ್ಮ ಹೊರಬಂದ ಕೂಡಲೇ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಕೇಳಿದ.

"ಅಕ್ಕಾ, ನಾ ಬಂದೀನಿ ಅಂತ ಅಪ್ಪಂಗೆ ಮೊದ್ಲೇ ಹೇಳಿದ್ಯಾ?"

ಹೇಳಿದ್ದೆ. ಬೆಳಿಗ್ಗೆಯಿಂದ ಸುಮ್ಮನೆ ಕೂತಿದ್ದವಳು, ಎದ್ದು ಬರುವಾಗ ಅಪ್ಪನ ಕಿವಿಯಲ್ಲಿ ಅದೊಂದನ್ನೇ ಹೇಳಿದ್ದೆ.